ಏಳು ಮಂದಿಯಿಂದ ಶುರುವಾದ ಭಾನುವಾರದ ಮ್ಯಾಚು

1

ಫುಟ್‌ಬಾಲ್ ಕತೆಗೆ ಆರಂಭ ಹುಡುಕುವ ಕಷ್ಟವಿಲ್ಲ ಅಂದುಕೊಂಡಿದ್ದೆ. ರೆಫರಿ ಸೀಟಿ ಊದುತ್ತಾನೆ, ಕತೆ ಶುರು. ಆದರೆ ಈ ಕತೆಯ ನಾಯಕ ಸುಕೇಶ್, ಮಿತ್ರಮಂಡಳಿ ಫುಟ್‌ಬಾಲ್ ಕ್ಲಬ್ಬಿನ ಕ್ಯಾಪ್ಟನ್, ವಡಾಲದ ಮೈದಾನದಲ್ಲಿ ರೆಫರಿ ಸೀಟಿ ಊದಿದ ಹೊತ್ತಿಗೆ ಸಾಂತಾಕ್ರೂಜ್‌ನ ಹೋಟೆಲಿನಲ್ಲಿ ಯಾರದೋ ತಟ್ಟೆಗೆ ಸಾಂಬಾರ್ ಬಡಿಸುತ್ತಿದ್ದ. ಈಗ ನೀವೇ ಹೇಳಿ, ನಾನು ಎಲ್ಲಿ ನಿಲ್ಲಲಿ? ಮೈದಾನದಲ್ಲಿ ನಿಂತರೆ ನಾಯಕನಿಲ್ಲ, ಹೋಟೆಲಿನಲ್ಲಿ ನಿಂತರೆ ಆಟವಿಲ್ಲ.

(ಮೊದಲ ಡ್ರಾಫ್ಟ್ ಮೈದಾನದಿಂದಲೇ ಶುರುವಾಗಿತ್ತು. ಒಣಹುಲ್ಲು, ಧೂಳು, ಸೂರ್ಯ ಎಂದು ಇಡೀ ಒಂದು ಪ್ಯಾರಾ ಬರೆದಿದ್ದೆ. ಸೂರ್ಯನಿಗೆ ಈ ಕತೆಯಲ್ಲಿ ಬೇರೇನೂ ಕೆಲಸವಿಲ್ಲ ಎಂದು ಗೊತ್ತಾದ ಮೇಲೆ ಡಿಲೀಟ್ ಮಾಡಿದೆ.)

ಹೋಟೆಲಿನಿಂದಲೇ ಹೊರಡೋಣ. ನನಗೂ ಅದೇ ಅನುಕೂಲ. ಮೂಲೆಯ ಟೇಬಲ್ಲಿನಲ್ಲಿ ಒಂದು ಕಾಫಿ ಇಟ್ಟುಕೊಂಡು ಕೂತು ಬರೆಯಬಹುದು.

2

ಅದಕ್ಕೂ ಮೊದಲು ಸೀಸನ್ನಿನ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ನಿಮಗೆ ತಲೆಬುಡ ಗೊತ್ತಾಗುವುದಿಲ್ಲ.

ಇದು ಟಿವಿಯಲ್ಲಿ ಬರುವ ಲೀಗ್ ಅಲ್ಲ. ಊರಿನ ಲೀಗಿನ ತೀರಾ ಕೆಳಗಿನ ಡಿವಿಷನ್. ಇಲ್ಲಿಂದಲೂ ಕೆಳಗೆ ಬಿದ್ದರೆ ಲೀಗೇ ಇಲ್ಲ, ಗಲ್ಲಿಯಲ್ಲಿ ಆಡಿಕೊಂಡಿರಬೇಕು. ಪ್ರೇಕ್ಷಕರೆಂದರೆ ಮುಂದಿನ ಮ್ಯಾಚಿಗೆ ಕಾಯುತ್ತಿರುವ ಎರಡು ತಂಡಗಳು, ನೆರಳಿಗೆ ಬಂದು ಮಲಗಿದ ನಾಯಿಗಳು. ಮಿತ್ರಮಂಡಳಿಯ ಆಟಗಾರರೆಲ್ಲ ಉಡುಪಿ, ಮಂಗಳೂರು ಕಡೆಯವರು, ರಮಾನಾಥ ಶೆಟ್ಟರ ಹೋಟೆಲಿನಲ್ಲಿ ಕೆಲಸ ಮಾಡುವವರು. ಮ್ಯಾಚುಗಳು ವಾರದ ದಿನಗಳಲ್ಲಿ, ಮಧ್ಯಾಹ್ನ. ಊಟದ ಗಿರಾಕಿ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ ಹೋಟೆಲಿನವರಿಗೆ ಸಿಗುವ ಬಿಡುವಿದೆಯಲ್ಲ, ಬೇರೆಯವರು ಅದರಲ್ಲಿ ಮಲಗುತ್ತಾರೆ, ಇವರು ಲೋಕಲ್ ರೈಲು ಹಿಡಿದು ಹೋಗಿ ಓಡುತ್ತಾರೆ. ಮೈದಾನದಲ್ಲೂ ಇವರದು ಹೋಟೆಲಿನ ಭಾಷೆಯೇ. ಬೆನ್ನ ಹಿಂದೆ ಎದುರಾಳಿ ಬರುತ್ತಿದ್ದಾನೆ ಎಂದು ಎಚ್ಚರಿಸಲು, ಸಾಂಬಾರಿನ ಪಾತ್ರೆ ಹೊತ್ತು ಬರುವವರಂತೆ "ಬಿಸಿ, ಬಿಸಿ" ಎಂದು ಕೂಗುತ್ತಾರೆ. ಎದುರಾಳಿಗಳು ಮೊದಮೊದಲು ಇದು ಯಾವುದೋ ಗುಟ್ಟಿನ ಪ್ಲಾನ್ ಎಂದು ಹೆದರುತ್ತಿದ್ದರಂತೆ.

ಈ ಸಲ ಒಂದು ಬ್ಯಾಂಕಿನ ತಂಡದ ಎದುರು ಸೋಲಿನಿಂದ ಶುರುವಾಯಿತು. ಬೊರಿವಲಿಯ ಕಾಲೇಜು ಹುಡುಗರನ್ನು ಗೆದ್ದಾಗ ಸಂಭ್ರಮಪಟ್ಟರು. ಆ ಹುಡುಗರಿಗೆ ಮರುದಿನ ಪರೀಕ್ಷೆ ಇತ್ತು, ಒಳ್ಳೆಯ ಆಟಗಾರರು ಬಂದೇ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಮತ್ತೆ ಸೋಲು, ಡ್ರಾ, ಸೋಲು. ಹೀಗೆ ತೆವಳಿಕೊಂಡು ಕೊನೆಯ ಮ್ಯಾಚಿಗೆ ಬಂದಾಗ ಲೆಕ್ಕ ಸರಳವಾಗಿತ್ತು. ಡ್ರಾ ಮಾಡಿಕೊಂಡರೆ ಕ್ಲಬ್ ಉಳಿಯುತ್ತದೆ. ಸೋತರೆ ಲೀಗಿನಿಂದ ಹೊರಗೆ.

ಸುಕೇಶನಿಗೆ ನಲವತ್ತರ ಹತ್ತಿರ. ಹೊರಗೆ ಬಿದ್ದ ಕ್ಲಬ್ ಮತ್ತೆ ಒಳಗೆ ಬರಲು ಎರಡೋ ಮೂರೋ ವರ್ಷ ಬೇಕು, ಅಷ್ಟು ದಿನ ಅವನ ಮೊಣಕಾಲು ಕಾಯುವುದಿಲ್ಲ. ಅಂದರೆ ಇದು ಅವನ ಬದುಕಿನ ಕೊನೆಯ ಮ್ಯಾಚೂ ಆಗಬಹುದು. ಅದು ಶುರುವಾದಾಗ ಅವನು ಅಲ್ಲಿಲ್ಲ.

3 (ಹೊಡೆದುಹಾಕಿದ್ದು)

ನಾಯಕನಿಗೆ ಕಷ್ಟ ಬಂದರೆ ಒಬ್ಬ ವಿಲನ್ ಬೇಕೇ ಬೇಕು. ರಮಾನಾಥ ಶೆಟ್ಟರು ಕೈಗೆ ಸಿಕ್ಕಿದರು. ಹೊಟ್ಟೆ, ಗಲ್ಲಾ, ಬಂಗಾರದ ಉಂಗುರ, "ರಜೆ ಇಲ್ಲ" ಎಂಬ ಒಂದು ಗುಡುಗು. ಚೆನ್ನಾಗಿಯೇ ಬಂದಿತ್ತು. ಶೆಟ್ಟರು ಗಲ್ಲಾದಿಂದ ಎದ್ದು ನೇರ ನನ್ನ ಟೇಬಲ್ಲಿಗೆ ಬಂದರು.

"ನನ್ನನ್ನು ಯಾಕೆ ಮಾರಾಯ್ರೆ ವಿಲನ್ ಮಾಡುದು? ಜೆರ್ಸಿ ಹೊಲಿಸಿ ಕೊಟ್ಟದ್ದು ಯಾರು? ಅವ ಬಾಯಿಬಿಟ್ಟು ಕೇಳಿದ್ರೆ ನಾನು ಬೇಡ ಹೇಳ್ತಿದ್ದೆನಾ?"

ಹೋಗಿ ಸುಕೇಶನನ್ನು ಕೇಳಿದೆ. ಶೆಟ್ಟರು ಹೇಳಿದ್ದು ನಿಜ. ಮ್ಯಾಚು ಬುಧವಾರ ಇರಬೇಕಿತ್ತು. ಮೈದಾನದಲ್ಲಿ ಯಾರದೋ ಸಭೆಯ ಮಂಟಪ ಇನ್ನೂ ಬಿಚ್ಚಿರಲಿಲ್ಲವಾದ್ದರಿಂದ ಭಾನುವಾರಕ್ಕೆ ಮುಂದೆ ಹೋಯಿತು. ಹೋಟೆಲಿಗೆ ಭಾನುವಾರವೆಂದರೆ ಮೊದಲೇ ಜಾತ್ರೆ. ಅದರ ಮೇಲೆ ಮಹಡಿಯ ಏಸಿ ಹಾಲಿನಲ್ಲಿ ಇಂದ್ರಾಬಾಯಿಯವರ ಮೊಮ್ಮಗಳ ಹೆಸರಿಡುವ ಊಟ. ಬೆಳಗಾವಿ ಕಡೆಯ ಈ ಹೆಂಗಸು ಹೋಟೆಲಿನ ಹಳೆಯ ಗಿರಾಕಿ. ಪಾರ್ಟಿ ಒಪ್ಪಿಕೊಂಡವನು ಸೂಪರ್‌ವೈಸರ್ ಸುಕೇಶ್, ಭಾನುವಾರ ಯಾರು ಯಾವ ಕೆಲಸಕ್ಕೆ ಎಂದು ನಿರ್ಧರಿಸುವವನೂ ಅವನೇ.

"ಎಲ್ಲ ನಾನೇ ನೋಡಿಕೊಳ್ತೇನೆ ಅಂತ ಇಂದ್ರಾಬಾಯಿಗೆ ಹೇಳಿದ್ದೇನೆ ಸರ್" ಎಂದ ಸುಕೇಶ್. "ಈಗ ಶೆಟ್ರ ಹತ್ರ ಹೋಗಿ ನಂಗೆ ಮ್ಯಾಚ್ ಉಂಟು ಅಂತ ಯಾವ ಮುಖ ಇಟ್ಕೊಂಡು ಹೇಳುದು?"

ಹಾಗಾಗಿ ಈ ಕತೆಗೆ ವಿಲನ್ ಇಲ್ಲ. ಕತೆ ಕೇಳಿದ ಪತ್ರಿಕೆಯವರು ಏನು ಹೇಳುತ್ತಾರೋ ನೋಡಬೇಕು.

3 (ಇದು ನಿಜವಾದದ್ದು)

ಫುಟ್‌ಬಾಲಿನಲ್ಲಿ ಒಂದು ನಿಯಮವಿದೆ. ಏಳು ಮಂದಿ ಇದ್ದರೆ ಆಟ ಶುರುಮಾಡಬಹುದು. ರೆಫರಿಗೆ ಮೊದಲೇ ಹೆಸರು ಕೊಟ್ಟವರು ತಡವಾಗಿ ಬಂದರೂ ಒಬ್ಬೊಬ್ಬರಾಗಿ ಒಳಗೆ ಸೇರಿಕೊಳ್ಳಬಹುದು. ಸುಕೇಶ್ ಏಳು ಮಂದಿಯನ್ನು ಬೆಳಿಗ್ಗೆಯೇ ಕಳಿಸಿಕೊಟ್ಟ. ಉಳಿದ ನಾಲ್ವರಲ್ಲಿ ಒಬ್ಬ ಅವನು, ಇನ್ನೊಬ್ಬ ಅಕ್ಷಯ.

ಅಕ್ಷಯ ತಂಡದ ಗೋಲು ಹೊಡೆಯುವ ಹುಡುಗ. ಅವನನ್ನೇ ಯಾಕೆ ಉಳಿಸಿಕೊಂಡೆ ಎಂದು ನಾನು ಜಗಳಕ್ಕೆ ಹೋದೆ. ಅವನು ಹೋಟೆಲಿನ ಅತ್ಯುತ್ತಮ ವೇಟರ್ ಕೂಡ ಎಂದ ಸುಕೇಶ್. ಮಹಡಿ ಮೆಟ್ಟಿಲಿನಲ್ಲಿ ಜನ ಇಳಿಯುತ್ತಿರುವಾಗ ಕೈತುಂಬ ತಟ್ಟೆ ಹಿಡಿದು ಯಾರಿಗೂ ತಾಗದೆ ಹತ್ತುವವನನ್ನು ಮೊದಲೇ ಕಳಿಸಿದರೆ ಮೇಲಿನ ಪಾರ್ಟಿ ಕೆಡುತ್ತದೆ. ಈ ಲೆಕ್ಕಾಚಾರ ನನಗೆ ಹಿಡಿಸಲಿಲ್ಲ. ಆದರೆ ಹೋಟೆಲ್ ನಡೆಸುವವನು ನಾನಲ್ಲ.

ಮೈದಾನದ ಸುದ್ದಿ ಫೋನಿನಲ್ಲಿ ಬರುತ್ತಿತ್ತು. ಫೋನ್ ಮಾಡುತ್ತಿದ್ದವರು ಕೋಚ್ ಈರಣ್ಣ, ವಿಜಯಪುರದವರು, ರಿಟೈರ್ ಆದ ಗುಮಾಸ್ತ. ಕರಾವಳಿಯ ಹುಡುಗರಿಗೆ ಇವರು ಹೇಗೆ ಕೋಚ್ ಆದರು ಎಂಬುದು ಬೇರೆಯೇ ಕತೆ, ಅದಕ್ಕೆ ಇಲ್ಲಿ ಜಾಗವಿಲ್ಲ.

"ಸುಕೇಶಾ, ನಮ್ಮ ಗೋಲಿನ್ಯಾಗ ಒಂದು ಹೊಕ್ಕತಪಾ" ಎಂದರು ಮೊದಲ ಸಲ. ಸುಕೇಶ್ ಅನ್ನದ ಪಾತ್ರೆ ಹಿಡಿದುಕೊಂಡೇ ಕೇಳಿಸಿಕೊಂಡು, ಅನ್ನ ಬಡಿಸಿದ. ಎರಡನೆಯ ಸಲ ಫೋನ್ ಬಂದಾಗ ಇನ್ನೊಂದು ಗೋಲು ಬಿತ್ತೆಂದು ಅವನಿಗೆ ಕೇಳುವ ಮೊದಲೇ ಗೊತ್ತಿತ್ತು.

"ಹುಡುಗರು ಏಳು ಮಂದಿ ಎಷ್ಟಂತ ಓಡ್ತಾವ. ನೀ ಬರಾಕ ಆಗದಿದ್ರ ಇರ್ಲಿ. ಆ ಅಕ್ಷಯನ್ನರೆ ಕಳಸು."

ಆ ಹೊತ್ತಿಗೆ ಅಕ್ಷಯ ಆಗಲೇ ದಾರಿಯಲ್ಲಿದ್ದ. ಮೇಲಿನ ಮೊದಲ ಪಂಕ್ತಿ ಏಳುತ್ತಿದ್ದಂತೆ ಸುಕೇಶ್ ಅವನ ಕೈಯಿಂದ ತಟ್ಟೆ ಕಿತ್ತುಕೊಂಡು ಹೋಗು ಎಂದಿದ್ದ. ಭಾನುವಾರ ಹಾರ್ಬರ್ ಲೈನಿನಲ್ಲಿ ಹಳಿ ರಿಪೇರಿಯ ಮೆಗಾ ಬ್ಲಾಕ್, ವಡಾಲಕ್ಕೆ ನೇರ ಗಾಡಿ ಇಲ್ಲ. ದಾದರಿನಲ್ಲಿ ಇಳಿದು ಟ್ಯಾಕ್ಸಿ ಹಿಡಿಯಬೇಕು. ಎರಡನೇ ಪಂಕ್ತಿ ಎದ್ದಾಗ ಇನ್ನಿಬ್ಬರನ್ನು ಕಳಿಸಿದ. ಆಮೇಲೆ ಅವರ ಟೇಬಲ್ಲುಗಳನ್ನೂ ತಾನೇ ನೋಡಿಕೊಂಡ.

4

ನನಗೆ ತಡೆಯಲಾಗಲಿಲ್ಲ. ಕತೆಗಾರನಾಗಿ ನನ್ನ ಕೈಯಲ್ಲಿ ಕೆಲವು ಅಧಿಕಾರಗಳಿವೆ, ಅವನ್ನು ಯಾವಾಗ ಬಳಸುವುದು? ಮಹಡಿಯ ಕರೆಂಟ್ ತೆಗೆದೆ. ಏಸಿ ನಿಂತಿತು, ಕತ್ತಲಾಯಿತು. ಇನ್ನು ಐದು ನಿಮಿಷದಲ್ಲಿ ಇಂದ್ರಾಬಾಯಿಯ ನೆಂಟರೆಲ್ಲ ಸೆಖೆಗೆ ಎದ್ದು ಹೋಗುತ್ತಾರೆ, ಸುಕೇಶ್ ಬಿಡುಗಡೆ.

ಸುಕೇಶ್ ಮೆಟ್ಟಿಲ ಮೇಲೆ ನಿಂತು ನನ್ನ ಕಡೆ ನೋಡಿದ. ಅವನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಸಣ್ಣ ಮಗು ಉಂಟು ಸರ್ ಮೇಲೆ. ಕರೆಂಟ್ ಕೊಡಿ."

ಕೊಟ್ಟೆ. ಇಂದ್ರಾಬಾಯಿ ಇನ್ನೊಂದು ಸುತ್ತು ಕಾಫಿ ಹೇಳಿದರು. ಮಗುವಿಗೆ ಯಾವ ಹೆಸರಿಡಬೇಕೆಂದು ಅತ್ತೆ ಸೊಸೆಗೆ ಇನ್ನೂ ಒಮ್ಮತವಾಗಿರಲಿಲ್ಲ. (ಅವರಿಗೆ ಮ್ಯಾಚಿನ ವಿಷಯ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಸುಕೇಶನ ಬೆನ್ನು ತಟ್ಟಿ ಕಳಿಸುತ್ತಿದ್ದರು ಎಂದು ನಾನು ಪೂರ್ತಿ ನಂಬುತ್ತೇನೆ. ಅದಕ್ಕೇ ಅವನು ಹೇಳಲಿಲ್ಲ.)

ಫೋನ್ ಬಂತು. ಅಕ್ಷಯ ಒಳಗೆ ಹೋದವನೇ ಒಂದು ಗೋಲು ಹೊಡೆದಿದ್ದ. ಸುಕೇಶ್ ಕಾಫಿಯ ಟ್ರೇ ಹಿಡಿದು ಮೇಲೆ ಹತ್ತುವಾಗ ಒಂದು ಮೆಟ್ಟಿಲು ಬಿಟ್ಟು ಒಂದು ಮೆಟ್ಟಿಲಿಗೆ ಕಾಲಿಟ್ಟ.

5

ಹೆಸರು ಒಪ್ಪಿಗೆಯಾಯಿತು, ಹಾಲ್ ಖಾಲಿಯಾಯಿತು. ಕೆಳಗೂ ಗಿರಾಕಿ ಮುಗಿದಿತ್ತು. ಶೆಟ್ಟರು ಗಲ್ಲಾದಲ್ಲಿ ತೂಕಡಿಸುತ್ತಿದ್ದರು. ಈಗ ಹೊರಡುತ್ತಾನೆ ಎಂದು ನಾನು ಹೊಸ ಪ್ಯಾರಾ ತೆರೆದು ಕಾದೆ. ಅವನು ಹೊರಡಲಿಲ್ಲ. ಬಟ್ಟೆ ಹಿಡಿದು ಒರೆಸಿದ್ದನ್ನೇ ಒರೆಸುತ್ತ ನಿಂತ. ಏನಾಯಿತು ಮಾರಾಯಾ, ಅರ್ಧ ಆಟ ಮುಗಿದೇ ಹೋಯಿತು, ಹೋಗು ಎಂದೆ.

"ಗಿರಾಕಿ ಇದ್ದಾರಲ್ಲ ಸರ್."

ಸುತ್ತ ನೋಡಿದೆ. ಯಾರೂ ಇರಲಿಲ್ಲ. ಮೂಲೆಯ ಟೇಬಲ್ಲಿನಲ್ಲಿ ತಣ್ಣಗಾದ ಕಾಫಿ ಇಟ್ಟುಕೊಂಡು ನಾನೊಬ್ಬ ಕೂತಿದ್ದೆ. ಊಟದ ಹೊತ್ತಿನಿಂದ ಆ ಮನುಷ್ಯನ ಸಂಕಟವನ್ನು ಇಷ್ಟಿಷ್ಟೇ ಬರೆದುಕೊಳ್ಳುತ್ತ, ಅವನನ್ನು ಹಿಡಿದಿಟ್ಟಿದ್ದವನು ನಾನೇ. ನಾಚಿಕೆಯಾಯಿತು. ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಎದ್ದೆ.

ಕಪ್ ಎತ್ತಿಕೊಂಡು ಹೋಗಿ ಒಳಗಿಟ್ಟು ಬಂದವನು ಆಮೇಲೆ ಓಡಿದ ಓಟವನ್ನು ನೀವು ನೋಡಬೇಕಿತ್ತು.

6

ಲೋಕಲಿನಲ್ಲಿ ಬಾಗಿಲ ಹತ್ತಿರ ನಿಂತು ಯೂನಿಫಾರ್ಮಿನ ಅಂಗಿ ಬಿಚ್ಚಿದ. ಒಳಗೆ ಜೆರ್ಸಿ ಇತ್ತು. ಬೆಳಿಗ್ಗೆ ಕೆಲಸಕ್ಕೆ ಬರುವಾಗಲೇ ಹಾಕಿಕೊಂಡು ಬಂದಿದ್ದ, ಅಷ್ಟು ಹೊತ್ತೂ ಆ ಸೆಖೆಯಲ್ಲಿ ಎರಡೆರಡು ಅಂಗಿ ತೊಟ್ಟು ಬಡಿಸಿದ್ದ. ಅದು ನನಗೇ ಗೊತ್ತಿರಲಿಲ್ಲ.

ದಾದರಿನಿಂದ ಟ್ಯಾಕ್ಸಿಯಲ್ಲಿ ಹೋಗುವಾಗ ಅವನ ಪಕ್ಕ ಕೂತು ಎರಡು ಮುಕ್ತಾಯಗಳನ್ನು ತೋರಿಸಿದೆ.

ಅ. ಸುಕೇಶ್ ಮೈದಾನಕ್ಕೆ ಇಳಿಯುತ್ತಾನೆ. ಕಾರ್ನರ್ ಕಿಕ್. ಎಲ್ಲರಿಗಿಂತ ಮೇಲೆ ಹಾರಿ ತಲೆಯಿಂದ ಗೋಲು ಹೊಡೆಯುತ್ತಾನೆ. ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ.

ಆ. ಸುಕೇಶ್ ಮೈದಾನಕ್ಕೆ ಬರುತ್ತಾನೆ. ಯಾರೂ ಇಲ್ಲ. ಗೋಲುಕಂಬಗಳ ನಡುವೆ ಒಬ್ಬನೇ ನಿಲ್ಲುತ್ತಾನೆ.

ಎರಡನೆಯದನ್ನು ಬರೆಯುವಾಗ ನನ್ನ ಕಣ್ಣು ತುಂಬಿತ್ತು. ವಿಮರ್ಶಕರಿಗೂ ಅದೇ ಇಷ್ಟವಾಗುವುದು. ಸುಕೇಶ್ ಎರಡನ್ನೂ ಕೇಳಿ ಬೂಟಿನ ದಾರ ಬಿಗಿಯುತ್ತ, ಮೊದಲನೆಯದು ತನ್ನ ಮೊಣಕಾಲಿಗೆ ಆಗದ ಕೆಲಸ, ಎರಡನೆಯದು ಸುಳ್ಳು, ಆಟ ಇನ್ನೂ ನಡೆಯುತ್ತಿದೆಯೆಂದು ಈರಣ್ಣ ಈಗಷ್ಟೇ ಹೇಳಿದರು ಎಂದ.

7

ಆಟ ನಡೆಯುತ್ತಲೇ ಇತ್ತು. ಎರಡು-ಎರಡು. ಅಕ್ಷಯ ಇನ್ನೊಂದು ಹೊಡೆದಿದ್ದ. ಮಿತ್ರಮಂಡಳಿಯ ಹತ್ತು ಮಂದಿ ತಮ್ಮ ಗೋಲಿನ ಮುಂದೆ ಒತ್ತಾಗಿ ನಿಂತು ಬಂದ ಚೆಂಡನ್ನೆಲ್ಲ ತಡೆಯುತ್ತಿದ್ದರು. ಮೊದಲಿನಿಂದ ಆಡಿದ ಏಳು ಮಂದಿಗೆ ಕಾಲು ಎತ್ತಿಡುವುದೇ ಕಷ್ಟವಾಗಿತ್ತು. ಎದುರಾಳಿಗಳು ವಡಾಲದ ಬಂದರಿನ ಕಡೆಯ ಹುಡುಗರು, ಒಳ್ಳೆಯವರು. ಬಿದ್ದವನಿಗೆ ಕೈಕೊಟ್ಟು ಎಬ್ಬಿಸಿ ಮತ್ತೆ ಚೆಂಡಿನ ಹಿಂದೆ ಓಡುತ್ತಿದ್ದರು.

ಚೆಂಡು ಗೆರೆ ದಾಟಿ ಹೊರಗೆ ಹೋಗಲಿ, ಆಮೇಲೆ ಒಳಗೆ ಬಾ ಎಂದು ರೆಫರಿ ಸನ್ನೆ ಮಾಡಿದ. ಸುಕೇಶ್ ಗೆರೆಯ ಮೇಲೆ ನಿಂತ. ಈರಣ್ಣ ಅವನ ಮಗ್ಗುಲಿಗೆ ಬಂದರು.

"ಹತ್ತು ಮಂದಿ ಹೆಂಗೋ ತಡದು ನಿಲ್ಲಿಸ್ಯಾರ. ಈಗ ನೀ ಹೊಕ್ಕರ ಅವರ ಜಾಗಾ ಎಲ್ಲಾ ಬದಲಾಗ್ತಾವ. ಹೆಚ್ಚು ಕಡಿಮಿ ಆದರೂ ಆತು. ನಾ ಬ್ಯಾಡ ಅನ್ನಾಂಗಿಲ್ಲ ಮತ್ತ, ಕ್ಯಾಪ್ಟನ್ ನೀನs."

ಇಲ್ಲಿ ಓದುಗರಿಗೆ ಒಂದು ಮಾತು ಹೇಳಬೇಕು. ಚೆಂಡನ್ನು ಹೊರಗೆ ಹಾಕುವವನು ನಾನು. ನಾನು ಹಾಕಲಿಲ್ಲ. ಅದು ಆ ಕಾಲಿನಿಂದ ಈ ಕಾಲಿಗೆ, ಇಲ್ಲಿಂದ ಅಲ್ಲಿಗೆ ಹೋಗುತ್ತಿರುವಷ್ಟು ಹೊತ್ತು ಎರಡು-ಎರಡು. ಕ್ಲಬ್ ಲೀಗಿನಲ್ಲಿ, ಸುಕೇಶ್ ಅದರ ಕ್ಯಾಪ್ಟನ್, ಯಾರೂ ಸೋತಿಲ್ಲ. ಕತೆಯನ್ನು ಹೀಗೇ ನಿಲ್ಲಿಸಿ ಕೈಮುಗಿಯಬಹುದು. ಪ್ರೀತಿಯಿಂದಲೇ ಹಾಗೆ ಮಾಡಿದೆ, ಬೇರೆ ಕಾರಣವಿಲ್ಲ. ಗೆರೆಯ ಹತ್ತಿರ ಬಂದ ಚೆಂಡನ್ನು ಮೂರು ಸಲ ಒಳಗೆ ತಿರುಗಿಸಿದೆ.

ಮೂರನೆಯ ಸಲ ಸುಕೇಶನಿಗೆ ಅರ್ಥವಾಯಿತು.

"ಸರ್, ಚೆಂಡು ಹೊರಗೆ ಹಾಕಿ" ಎಂದ, ಮೆಲ್ಲಗೆ.

ಸೋತರೆ ಏನು ಮಾಡುತ್ತೀ ಎಂದು ಕೇಳಿದೆ. ನಿನ್ನಿಂದಲೇ ಸೋತರೆ? ಆ ಹುಡುಗರು ಇಷ್ಟು ಹೊತ್ತು ಜೀವ ತೇದು ಉಳಿಸಿಕೊಂಡದ್ದು ನೀನು ಕಾಲಿಟ್ಟ ಗಳಿಗೆಯಲ್ಲಿ ಹೋದರೆ ನಾಳೆ ಹೋಟೆಲಿನಲ್ಲಿ ಅವರ ಮುಖ ನೋಡುತ್ತೀಯಾ? ನಿಂತಿರು, ಎರಡು-ಎರಡು ಇರಲಿ, ನಾನು ನೋಡಿಕೊಳ್ಳುತ್ತೇನೆ.

ಒಳಗೆ ಅಕ್ಷಯ ಸೊಂಟಕ್ಕೆ ಕೈಕೊಟ್ಟು ಬಾಗಿ ಉಸಿರೆಳೆದುಕೊಳ್ಳುತ್ತಿದ್ದ, ತಲೆ ಎತ್ತಿ ಗೆರೆಯ ಕಡೆ ನೋಡಿದ.

"ಬೆಳಿಗ್ಗೆಯಿಂದ ಎಲ್ಲರದ್ದೂ ನೋಡಿಕೊಂಡೆ ಸರ್. ಈಗ ನಂಗೆ ಆಡ್ಬೇಕು. ಸೋತ್ರೂ ಆಡ್ಬೇಕು" ಎಂದ ಸುಕೇಶ್.

ಚೆಂಡನ್ನು ಬಿಟ್ಟೆ. ಅದು ಯಾರದೋ ಕಾಲಿಗೆ ತಗುಲಿ, ಧೂಳಿನಲ್ಲಿ ಉರುಳಿ, ಬೇಕೋ ಬೇಡವೋ ಎಂಬಂತೆ ಗೆರೆ ದಾಟಿತು. ರೆಫರಿ ಕೈಬೀಸಿ ಕರೆದ. ಸುಕೇಶ್ ನೆಲ ಮುಟ್ಟಿ ಹಣೆಗೊತ್ತಿಕೊಂಡು ಒಳಗೆ ಹೋದ.

8

ಆಮೇಲೆ ಏನಾಯಿತು ಎಂದು ಕೇಳುತ್ತಿದ್ದೀರಿ. ಗೊತ್ತಿದ್ದೂ ಹೇಳುತ್ತಿಲ್ಲ ಅಂದುಕೊಂಡರೆ ನಿಮ್ಮಿಷ್ಟ. ಗೆರೆಯಿಂದ ಚೆಂಡೆಸೆಯುವ ಥ್ರೋ ಎದುರಾಳಿಗಳದ್ದಾಗಿತ್ತು, ಅಷ್ಟು ಮಾತ್ರ ನೋಡಿದೆ. ಗೆರೆಯ ಹೊರಗಿನಿಂದ ನಾನು ಕೂಗಿದೆ, ಸುಕೇಶ್, ಕೊನೆ ಯಾವುದು ಬರೆಯಲಿ, ‘ಅ’ ಬೇಕಾ, ‘ಆ’ ಬೇಕಾ, ಬೇರೆ ಏನಾದರೂ ಬೇಕಾ? ಎರಡು ಸಲ ಕೂಗಿದೆ. ಅವನು ತಿರುಗಿ ನೋಡಲಿಲ್ಲ. ಅವನು ಆಡುತ್ತಿದ್ದ.