ಬೇಡ ಎನ್ನುವ ಕವಾಯತು

ಓಟ, ಹಗ್ಗ ಹತ್ತುವುದು, ಟೆಂಟು ಹೊಡೆಯುವುದು, ಇವನ್ನೆಲ್ಲ ಯಾವ ಊರಿನ ಕಾಲೇಜಿನಲ್ಲಾದರೂ ಕಲಿಸುತ್ತಾರೆ. ಊಟ ಬೇಡ ಎನ್ನುವುದನ್ನು ಕವಾಯತು ಮಾಡಿಸಿ ಕಲಿಸಿದವರು ಇಡೀ ಕಲಬುರಗಿಯಲ್ಲಿ ನಮ್ಮ ಅಮೋಘಪ್ಪ ಸರ್ ಒಬ್ಬರೇ ಇರಬೇಕು.

ಸರ್ ಸೈನ್ಯದಿಂದ ನಿವೃತ್ತರಾಗಿ ನಮ್ಮ ಕಾಲೇಜಿಗೆ ಬಂದವರು. ವರ್ಷಕ್ಕೊಮ್ಮೆ ಶನಿವಾರ, ಭಾನುವಾರ ಕಮಲಾಪುರದ ಹೊರಗಿನ ಹೊಲವೊಂದರಲ್ಲಿ ಸೈನಿಕರ ಮಾದರಿಯ ಶಿಬಿರ ನಡೆಸುತ್ತಾರೆ. ಅಲ್ಲಿ ಹುಡುಗರೇ ಬೇಯಿಸಿಕೊಂಡು ತಿನ್ನಬೇಕು, ಹೊರಗಿನವರ ಸಹಾಯ ಪಡೆಯುವಂತಿಲ್ಲ. ಹೋದ ವರ್ಷ ಇದು ಕೈಕೊಟ್ಟಿತ್ತು. ಅರ್ಧ ಕಾಲೇಜಿಗೆ ಕಮಲಾಪುರದಲ್ಲಿ ನೆಂಟರು. ಒಬ್ಬನ ಸೋದರತ್ತೆ ಖಾರದ ದಪಾಟಿ ರೊಟ್ಟಿ ತಂದಳಂತೆ, ಇನ್ನೊಬ್ಬಳ ಮಾವ ಕೆಂಪು ಬಾಳೆಯ ಗೊನೆಯನ್ನೇ ಹೊತ್ತು ತಂದನಂತೆ. ಸಂಜೆಯ ಹೊತ್ತಿಗೆ ಶಿಬಿರ ಹೋಗಿ ಬಸುರಿಗೆ ಉಣಿಸುವ ಕುಬಸದ ಮನೆಯಾಗಿತ್ತು. ಓಡಬೇಕಾದವರು ಹೊಟ್ಟೆ ಹಿಡಿದುಕೊಂಡು ಮಲಗಿದ್ದರು.

"ವೈರಿ ಬಂದೂಕ ಹಿಡ್ಕೊಂಡ್ ಬರಂಗಿಲ್ಲ," ಎಂದರು ಸರ್ ಈ ಸಲ ಕಾಲೇಜಿನ ಮೈದಾನದಲ್ಲಿ. "ಬುಟ್ಟಿ ಹೊತ್ಕೊಂಡ್ ಬರ್ತಾನ. ಬ್ಯಾಡ ಅನ್ನೋದು ಕಲೀರಿ."

ವೈರಿಯ ಪಾತ್ರ ನನ್ನ ಪಾಲಿಗೆ ಬಂತು. ರೇವತಿ ಎಂದರೆ ಊಟದ ವಿಷಯ ಬಲ್ಲವಳು ಎಂಬ ಹೆಸರು ನನಗಿದೆ, ಸುಳ್ಳಲ್ಲ. ದುಪಟ್ಟಾವನ್ನು ತಲೆಯ ಮೇಲೆ ಹೊದ್ದು, ಬುಟ್ಟಿ ಹಿಡಿದು ಸಾಲಿನ ಮುಂದೆ ಹೋಗುತ್ತಿದ್ದೆ. "ಸೊರಗಿ ಹೋಗೀದಿ ನನ್ನವ್ವಾ, ಒಂದ್ ತುತ್ತು ತಿನ್ನು." ಮೂರು ಸಲ ಕರೆದರೂ ಬೇಡ ಎನ್ನಬೇಕು. ಯಶವಂತ ಎರಡನೆಯ ಕರೆಗೇ ಕಣ್ಣು ಮುಚ್ಚಿ ಬಾಯಿ ತೆರೆದ. ಬುಟ್ಟಿಯಲ್ಲಿದ್ದದ್ದು ಕ್ರಿಕೆಟ್ ಚೆಂಡು.

ನನ್ನ ಗೆಳತಿ ಸೃಷ್ಟಿ ಮಾತ್ರ ಅಲುಗಲಿಲ್ಲ. ಶಿಬಿರದಲ್ಲಿ ನಾಯಕಿಯ ಬ್ಯಾಡ್ಜ್ ಸಿಕ್ಕವರನ್ನು ರಾಜ್ಯಮಟ್ಟಕ್ಕೆ ಕಳಿಸುತ್ತಾರೆ, ಅವಳಿಗೋ ಸೈನ್ಯದಲ್ಲಿ ಅಧಿಕಾರಿಯಾಗುವ ಹುಚ್ಚು. "ಬ್ಯಾಡ್ಜ್ ತಗೊಂಡ್ ಬಾ, ಮುಂದಿಂದು ನೋಡೋಣ. ಇಲ್ಲಾಂದ್ರ ಸುಮ್ಮ ಬಿ.ಎಡ್. ಮಾಡು," ಎಂದಿದ್ದರು ಅವಳಪ್ಪ ಅಣವೀರಪ್ಪ ಕಾಕಾ. ಬಿ.ಎಡ್. ಎಂಬ ಮಾತು ಕಿವಿಗೆ ಬಿದ್ದರೆ ಸೃಷ್ಟಿ ಮೈದಾನಕ್ಕೆ ಇನ್ನೊಂದು ಸುತ್ತು ಹೆಚ್ಚು ಹಾಕುತ್ತಿದ್ದಳು.

ಕವಾಯತು ಫಲ ಕೊಟ್ಟಿತು. ಕಮಲಾಪುರದಲ್ಲಿ ಬಂದ ಬಂದ ಅತ್ತೆ ಮಾವಂದಿರನ್ನೆಲ್ಲ ಕೈಮುಗಿದು ವಾಪಸ್ ಕಳಿಸಿ, ನಾವೇ ಮಾಡಿದ ತಳ ಹಿಡಿದ ಅನ್ನ ತಿಂದೆವು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಎಲ್ಲದರಲ್ಲೂ ಸೃಷ್ಟಿಯೇ ಮುಂದಿದ್ದಳು. ಸರ್ ಬ್ಯಾಡ್ಜ್ ಹೊರತೆಗೆದು ಒರೆಸತೊಡಗಿದರು.

ಆಗ ಬದುವಿನ ಮೇಲೆ ಮುದುಕಿಯೊಬ್ಬಳು ಬುಟ್ಟಿ ಹೊತ್ತು ಬರುವುದು ಕಂಡಿತು. ಇದು ಯಾರ ಅತ್ತೆ ಎಂದು ಒಬ್ಬರ ಮುಖ ಒಬ್ಬರು ನೋಡಿದೆವು. ಸರ್ ಮೆಲ್ಲಗೆ ಟೋಪಿ ತೆಗೆದರು. ಬಂದವಳು ಅವರದೇ ಅತ್ತೆ.

ನೀಲಗಂಗಮ್ಮ ಸರ್ ಅವರ ಹೆಂಡತಿಯ ತಾಯಿ. ನಾವು ಟೆಂಟು ಹೊಡೆದಿದ್ದ ಹೊಲವೂ ಆಕೆಯದೇ ಎಂದು ಆಮೇಲೆ ತಿಳಿಯಿತು. ನಮ್ಮ ಕಡೆಯ ಹಳೆಯ ಹೆಂಗಸರು ಅಳಿಯನೊಂದಿಗೆ ನೇರವಾಗಿ ಮಾತಾಡುವುದಿಲ್ಲ. ಆಕೆ ಸೆರಗು ಮುಂದೆಳೆದು, ಮುಖ ತಿರುಗಿಸಿ, ಹತ್ತಿರ ನಿಂತ ಸೃಷ್ಟಿಗೆ ಹೇಳಿದಳು: "ಅವ್ರಿಗಿ ಹೇಳವ್ವಾ, ಹೋಳಿಗಿ ಮಾಡ್ಕೊಂಡ್ ಬಂದೀನಿ."

"ಬ್ಯಾಡ ಅಂತ ಹೇಳು," ಎಂದರು ಸರ್, ಮುಗಿಲು ನೋಡುತ್ತ.

"ಬ್ಯಾಡಂತ್ರೀ, ಅಮ್ಮಾ."

"ಇನ್ನೂ ಬಿಸಿ ಅವ ಅಂತ ಹೇಳು."

"ಶಿಬಿರದ ಕಾಯ್ದೆ ಅದ, ಬ್ಯಾಡ ಅಂತ ಹೇಳು."

ಇಬ್ಬರೂ ನಿಂತದ್ದು ಒಂದೇ ಮಾರು ದೂರದಲ್ಲಿ. ಮಾತು ಮಾತ್ರ ಸೃಷ್ಟಿಯ ಮೂಲಕ ಸುತ್ತು ಹಾಕಿ ಬರುತ್ತಿತ್ತು. ಯಶವಂತ ನಗು ತಡೆಯಲಾರದೆ ಟವೆಲ್ ಕಚ್ಚಿಕೊಂಡಿದ್ದ.

"ಹೋದ ವರ್ಷಾನೂ ಊರಿಗಿ ಬಂದು ಮನಿಗಿ ಬರಲಿಲ್ಲ. ನಾ ಏನ್ ತಪ್ಪ್ ಮಾಡೀನಿ, ಕೇಳವ್ವಾ," ಎಂದಳು ಮುದುಕಿ.

ನನ್ನ ನಗು ಅಲ್ಲಿಗೇ ನಿಂತಿತು. ಮೈದಾನದಲ್ಲಿ ಅತ್ತೆಯಾಗಿ ನಾನು ಎಷ್ಟೇ ಕುಣಿದಿದ್ದರೂ ಇಂಥ ಮುಖ ಮಾಡಲು ನನಗೆ ಬಂದಿರಲಿಲ್ಲ.

"ಬ್ಯಾಡ ಅಂತ ಹೇಳು," ಎಂದರು ಸರ್. ಸೃಷ್ಟಿ ಸರ್ ಕಡೆಗೇ ತಿರುಗಿ ನಿಂತಳು. "ಹುಕುಂ ಅದ, ಸೃಷ್ಟಿ."

"ನಾ ಹೇಳಂಗಿಲ್ರೀ ಸರ್. ಬ್ಯಾಡ ಅನ್ನೋದಿದ್ರ ನೀವೇ ಅವ್ರ ಮುಖ ನೋಡಿ ಹೇಳ್ರಿ."

ಸರ್ ಬ್ಯಾಡ್ಜನ್ನು ಜೇಬಿಗೆ ಹಾಕಿಕೊಂಡರು. ಬಿ.ಎಡ್. ಗ್ಯಾರಂಟಿ ಎಂದುಕೊಂಡೆ. ಅವರು ಒಮ್ಮೆ, ಒಂದೇ ಒಮ್ಮೆ, ಅತ್ತೆಯ ಕಡೆ ನೋಡಿದರು. ಆಮೇಲೆ ಬದುವಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಹೋಳಿಗೆಯ ಮೇಲೆ ಹೋಳಿಗೆ ಇಳಿಯಿತು. ನಾವು ಸಾಲಾಗಿ ನಿಂತು ಉಗುಳು ನುಂಗಿದೆವು, ಯಶವಂತನೂ ಕೈ ಚಾಚಲಿಲ್ಲ.

ಕೈತೊಳೆದು ಎದ್ದ ಸರ್ ಮತ್ತೆ ಸೈನಿಕರಾದರು. "ಊಟ ಬ್ಯಾರೆ, ಹುಕುಂ ಬ್ಯಾರೆ. ಹುಕುಂ ಮೀರಿದವರಿಗಿ ಬ್ಯಾಡ್ಜ್ ಇಲ್ಲ."

"ಹೌದ್ರೀ ಸರ್," ಎಂದಳು ಸೃಷ್ಟಿ. ಕಣ್ಣು ತುಂಬಿತ್ತು, ತಲೆ ಮಾತ್ರ ಬಗ್ಗಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಆ ಮನುಷ್ಯನ ಮೀಸೆಯಲ್ಲಿ ತುಪ್ಪ ಇನ್ನೂ ಹೊಳೆಯುತ್ತಿತ್ತು.

ನೀಲಗಂಗಮ್ಮ ಖಾಲಿ ಬುಟ್ಟಿ ಕೆಳಗಿಟ್ಟಳು. ಸೆರಗನ್ನು ಹಿಂದಕ್ಕೆ ಸರಿಸಿ, ಮಗಳ ಮದುವೆಯಾದಾಗಿನಿಂದ ತಾನು ನೇರವಾಗಿ ಒಂದು ಮಾತನ್ನೂ ಆಡಿಸದ ಅಳಿಯನ ಎದುರಿಗೇ ಹೋಗಿ ನಿಂತಳು.

"ಆ ಹುಡುಗೀದು ಆಕಿಗಿ ಕೊಡ್ರಿ," ಎಂದಳು.

ಸರ್ ಹಿಮ್ಮಡಿ ಕೂಡಿಸಿ ನೆಟ್ಟಗೆ ನಿಂತರು. ಕೈ ಆಗಲೇ ಬ್ಯಾಡ್ಜ್ ಇದ್ದ ಜೇಬಿನಲ್ಲಿತ್ತು.