ಬರೀ ಉಪ್ಪು

ಲರ್ಲೀನ್ ಸೀಸೆಯನ್ನು ಪಾತ್ರೆಯ ಮೇಲೆ ಬಗ್ಗಿಸಿಯೇ ಬಿಟ್ಟಿದ್ದಳು. ಮೂರು ಚಮಚದಷ್ಟು ಬಿಳಿ ಪುಡಿ ಕುದಿಯುವ ಕಾಳಿನೊಳಗೆ ಕರಗಿಹೋಯಿತು. ಬೆರಳ ತುದಿಗೆ ಅಂಟಿದ್ದನ್ನು ನೆಕ್ಕಿದಳು. ಉಪ್ಪು. ಆದರೆ ಮೈದಾಹಿಟ್ಟಿನಷ್ಟು ನುಣುಪು.

ಅಡುಗೆಮನೆಯ ಉಪ್ಪು ಮುಗಿದಿತ್ತು. ಅಣ್ಣನ ಶವಸಂಸ್ಕಾರದ ದಿನ ಅಂಗಡಿಗೆ ಓಡುವವರಾರು? ಅಣ್ಣ ಹೋಬರ್ಟ್ ಕಾರುಕೊಟ್ಟಿಗೆಯಲ್ಲಿ ಮೀನಿನ ಗಾಳಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಹುಳ ಎರೆಯಲು ಇಟ್ಟುಕೊಂಡಿದ್ದ ಸೀಸೆ ನೆನಪಾಗಿ, ಅದನ್ನೇ ತಂದಿದ್ದಳು. ಪ್ಲಾಸ್ಟಿಕ್ ಕರಗಿಸಿ, ಉಪ್ಪು ಬೆರೆಸಿ, ಅಚ್ಚಿಗೆ ಸುರಿದು ಅವನು ಮಾಡುತ್ತಿದ್ದ ಮೆತ್ತನೆಯ ಹುಳಗಳಿಗೆ ಊರ ಪಕ್ಕದ ಹಿನ್ನೀರಿನ ಸುತ್ತ ದೊಡ್ಡ ಹೆಸರು.

ಕಾಳಿನ ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿ ಕಾರಿನಲ್ಲಿಟ್ಟುಕೊಂಡು ಲರ್ಲೀನ್ ಮತ್ತು ಹೋಬರ್ಟ್‌ನ ಹೆಂಡತಿ ನೆಲ್ಡಾ ಚರ್ಚಿಗೆ ಹೊರಟರು.

"ರಾತ್ರಿ ಸ್ವಲ್ಪನಾದ್ರೂ ನಿದ್ದೆ ಬಂತಾ ಅತ್ತಿಗೆ?"

ನೆಲ್ಡಾ ಕಿಟಕಿಯಾಚೆ ನೋಡುತ್ತಿದ್ದಳು. ಎರಡು ವರ್ಷ ಗಂಡನ ಹಾಸಿಗೆಯ ಪಕ್ಕ ಉಸಿರಿನ ಯಂತ್ರ ಗೊರಗೊರ ಎನ್ನುತ್ತಿತ್ತು. ಅದು ತಡವರಿಸಿದಾಗಲೆಲ್ಲ ಇವಳು ಎದ್ದು ಕೂರುತ್ತಿದ್ದಳು.

"ಬಂತು," ಎಂದಳು. "ಚೆನ್ನಾಗೇ ಬಂತು. ಯಾರಿಗೂ ಹೇಳ್ಬೇಡ."

"ನಂಗೂ ಬಂತು," ಎಂದಳು ಲರ್ಲೀನ್.

ಸ್ವಲ್ಪ ದೂರ ಹೋದ ಮೇಲೆ ನೆಲ್ಡಾ ಕೇಳಿದಳು: "ರಾಯ್ಸ್ ಬರ್ತಾನೆ ಅಂತೀಯಾ?"

"ಬಂದ್ರೆ ಏನ್ ಮಾಡ್ತೀಯ?"

"ಬೈತೀನಿ. ಪಾದ್ರಿಗಳ ಎದುರಿಗೇ ಬೈತೀನಿ."

*

ಹೋಬರ್ಟ್ ಶಾಲಾ ಬಸ್ಸುಗಳ ಮೆಕ್ಯಾನಿಕ್ ಆಗಿದ್ದ. ರಾಯ್ಸ್ ಅದೇ ಬಸ್ಸುಗಳ ಚಾಲಕ. ರಜೆ ಬಂತೆಂದರೆ ಇಬ್ಬರೂ ಒಂದೇ ದೋಣಿಯಲ್ಲಿ. ಹಿಡಿದ ಮೀನಿನ ತೂಕ ಹೇಳುವಾಗ ಬಾಯಿಗೆ ಬಂದಷ್ಟು ಸೇರಿಸಿ ಹೇಳುವುದು ಆ ಊರಿನಲ್ಲಿ ತಪ್ಪಲ್ಲ, ರೂಢಿ. ಹೋಬರ್ಟ್ ಮಾತ್ರ ತಕ್ಕಡಿ ತೋರಿಸಿದ್ದನ್ನೇ ಹೇಳುತ್ತಿದ್ದ. ಜನ ಅದನ್ನೂ ನಂಬುತ್ತಿರಲಿಲ್ಲ. ಇವನೇನೋ ಮರೆಮಾಚುತ್ತಿದ್ದಾನೆ ಎಂದುಕೊಳ್ಳುತ್ತಿದ್ದರು.

ಅವನ ಹುಳವನ್ನು ಕಚ್ಚಿದ ಬಾಸ್ ಮೀನು ಬೇಗ ಉಗುಳುತ್ತಿರಲಿಲ್ಲ. ಬಾಯಲ್ಲೇ ಒಂದು ಗಳಿಗೆ ಹಿಡಿದುಕೊಂಡಿರುತ್ತಿತ್ತು. ಗಾಳದವನಿಗೆ ಅಷ್ಟು ಸಾಕು.

ರಾಯ್ಸ್‌ನ ಹುಳಗಳು ಬೇರೆಯೇ ಆಗುತ್ತಿದ್ದವು. ಮೊದಲು ಎರೆದವು ಹಗುರಾಗಿ ತೇಲುತ್ತಿದ್ದವು, ಕೊನೆಯವು ಗಾಳಕ್ಕೆ ಸಿಕ್ಕಿಸುವಾಗಲೇ ತುಂಡಾಗುತ್ತಿದ್ದವು.

"ನಿಜ ಹೇಳು, ಏನ್ ಹಾಕ್ತೀಯ?"

"ಉಪ್ಪು," ಎಂದ ಹೋಬರ್ಟ್, ಬಿಸಿ ಪ್ಲಾಸ್ಟಿಕ್ ಕಲಕುತ್ತಲೇ. "ಮೊದ್ಲು ಒಣಗಿಸ್ಕೋ. ತೇವ ಇದ್ರೆ ಸಿಡಿಯುತ್ತೆ. ಆಮೇಲೆ ಕಲಕ್ತಾನೇ ಇರು, ಕೊನೇ ಹುಳ ಎರೆಯೋವರೆಗೂ. ಉಪ್ಪು ತಳಕ್ಕೆ ಕೂರುತ್ತೆ."

"ಉಪ್ಪು ನಾನೂ ಹಾಕ್ತೀನಿ. ಇನ್ನೇನು?"

"ಇನ್ನೇನೂ ಇಲ್ಲ."

ಆ ವರ್ಷ ವಸಂತದ ಮೀನು ಹಿಡಿಯುವ ಪಂದ್ಯದಲ್ಲಿ ಹೋಬರ್ಟ್ ಗೆದ್ದ. ಮಾರನೆಯ ದಿನ ಓಥಾನ ಗಾಳದಂಗಡಿಯಲ್ಲಿ, ಹತ್ತು ಜನ ಕಾಫಿ ಕುಡಿಯುತ್ತಿದ್ದಾಗ, ರಾಯ್ಸ್ ಅವನನ್ನು ಸುಳ್ಳ ಎಂದ. ಜೊತೆಗಾರನಿಗೂ ಗುಟ್ಟು ಬಿಟ್ಟುಕೊಡದ ಸುಳ್ಳ. ಹೋಬರ್ಟ್ ಲೋಟ ಕೆಳಗಿಟ್ಟು ಎದ್ದುಹೋದ. ಆಮೇಲೆ ಅವನ ದೋಣಿಯಲ್ಲಿ ಮುಂದಿನ ಸೀಟು ಖಾಲಿಯೇ ಉಳಿಯಿತು. ಕಾಯಿಲೆ ಬಿದ್ದಾಗಲೂ ರಾಯ್ಸ್ ಬರಲಿಲ್ಲ.

*

ಮಣ್ಣು ಮಾಡಿ ಬಂದು ಎಲ್ಲರೂ ಚರ್ಚಿನ ಊಟದ ಕೋಣೆಯಲ್ಲಿ ಕುಳಿತರು. ಬಾಗಿಲ ಬಳಿ ಒಬ್ಬ ಮುದುಕ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ರಾಯ್ಸ್. ನೆಲ್ಡಾ ನೋಡಿದಳು, ಮುಖ ತಿರುಗಿಸಿದಳು.

ಗಾಳದಂಗಡಿಯ ಓಥಾ ಎರಡನೆಯ ಸಲ ಕಾಳು ಬಡಿಸಿಕೊಳ್ಳುತ್ತಾ, "ಲರ್ಲೀನ್, ಉಪ್ಪು ಹದವಾಗಿ ಹಿಡಿದಿದೆ ಕಣಮ್ಮ," ಎಂದ.

"ಅಣ್ಣನ ಉಪ್ಪು ಅದು. ಹುಳಕ್ಕೆ ಹಾಕ್ತಿದ್ನಲ್ಲ, ಆ ಸೀಸೇದು."

ಓಥಾನ ಚಮಚ ಅರ್ಧದಲ್ಲೇ ನಿಂತಿತು. ಪಕ್ಕದ ಮೇಜಿನವರು ತಿರುಗಿದರು.

"ಆ ಸೀಸೇದಾ? ಅದ್ರಲ್ಲಿ ಏನೇನ್ ಬೆರೆಸಿದ್ನೋ ದೇವರೇ ಬಲ್ಲ."

"ನಾನು ನೆಕ್ಕಿ ನೋಡ್ದೆ. ಉಪ್ಪೇ."

"ಉಪ್ಪಿನ ಜೊತೆ ಇನ್ನೇನು ಅಂತ? ಊರೆಲ್ಲ ಕೇಳಿದ್ರೂ ಬಾಯಿ ಬಿಡಲಿಲ್ವಲ್ಲ ಪುಣ್ಯಾತ್ಮ."

ಒಬ್ಬೊಬ್ಬರಾಗಿ ತಟ್ಟೆ ದೂಡಿದರು. ಯಾರೋ ಹೆಂಗಸು ಹೊಟ್ಟೆ ಮುಟ್ಟಿಕೊಂಡಳು. ಲರ್ಲೀನ್‌ಳ ಮುಖ ಬಿಳಿಚಿತು. ಪಾದ್ರಿಗಳು ಮೂರು ಸಲ ಬಡಿಸಿಕೊಂಡಿದ್ದರು. ಅವರು ನೀರಿನ ಲೋಟ ಎತ್ತಿ ಒಂದೇ ಉಸಿರಿಗೆ ಕುಡಿದರು.

ನೆಲ್ಡಾ ಎದ್ದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಪಾತ್ರೆಯ ಹತ್ತಿರ ಹೋಗಿ, ತಟ್ಟೆ ತುಂಬ ಕಾಳು ಬಡಿಸಿಕೊಂಡು, ನಿಂತಲ್ಲೇ ತಿನ್ನತೊಡಗಿದಳು.

"ಅಂಗಡಿ ಉಪ್ಪು," ಎಂದಳು, ಬಾಯಲ್ಲಿದ್ದುದನ್ನು ನುಂಗಿ. "ಒಲೇಲಿ ಒಣಗಿಸಿ, ಕಾಫಿ ಬೀಸೋದ್ರಲ್ಲಿ ಬೀಸ್ತಿದ್ದೋಳು ನಾನೇ. ಈಗ ಇರೋದೂ ನಾನು ಬೀಸಿದ್ದೇ. ಇನ್ನೇನೂ ಇಲ್ಲ ಅದ್ರಲ್ಲಿ. ಯಾವತ್ತೂ ಇರಲಿಲ್ಲ."

"ಹಂಗಂದ್ರೆ ಗುಟ್ಟು?" ಎಂದ ಓಥಾ.

"ನಿಮಗೆ ಬೇಕಿತ್ತು ಗುಟ್ಟು. ಅವರ ಹತ್ರ ಇರಲಿಲ್ಲ."

ಪಾದ್ರಿಗಳು ಮೊದಲು ನಕ್ಕರು. ಆಮೇಲೆ ಓಥಾ. ತಟ್ಟೆಗಳು ಮತ್ತೆ ಹತ್ತಿರ ಬಂದವು. ಲರ್ಲೀನ್ ಕುರ್ಚಿಯಲ್ಲಿ ಕುಸಿದು, "ನಾಳೆ ಪೇಪರ್‌ನಲ್ಲಿ ನನ್ನ ಹೆಸರು ಬರುತ್ತೆ ಅಂದ್ಕೊಂಡೆ," ಎಂದಳು.

ರಾಯ್ಸ್ ಬಾಗಿಲು ಬಿಟ್ಟು ಮೆಲ್ಲಗೆ ಮುಂದೆ ಬಂದಿದ್ದ.

"ಬರೀ ಉಪ್ಪಾ?"

"ಬರೀ ಉಪ್ಪು."

"ನಂಗೂ ಹಂಗೇ ಹೇಳಿದ್ದ."

"ಗೊತ್ತು. ಕಲಕು ಅಂತಾನೂ ಹೇಳಿದ್ರು. ಕಲಕಿದ್ಯಾ?"

"ಮೊದ್ಲು ಒಂದು ಸಲ ಕಲಕಿ ಬಿಡ್ತಿದ್ದೆ. ತೋಳು ನೋಯ್ತಿತ್ತು."

ನೆಲ್ಡಾ ಅವನನ್ನೇ ನೋಡಿದಳು. ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ.

"ಹಂಗಾದ್ರೆ ಅವನು ನನ್ನ ಹತ್ರ ಏನೂ ಮುಚ್ಚಿಟ್ಟಿರಲಿಲ್ಲ," ಎಂದ ರಾಯ್ಸ್. ಅವನ ಭುಜಗಳು ಇಳಿದವು. ಬಹುಕಾಲ ಹೊತ್ತಿದ್ದ ಮೂಟೆಯನ್ನು ಯಾರೋ ಹಿಂದಿನಿಂದ ಎತ್ತಿಕೊಂಡ ಹಾಗೆ. ಕಣ್ಣಲ್ಲಿ ನೀರು ಬಂತು, ಬಾಯಿ ಮಾತ್ರ ನಗುತ್ತಿತ್ತು. "ನನ್ನ ಹತ್ರಾನೂ ಸುಳ್ಳು ಹೇಳಿರಲಿಲ್ಲ."

"ಇಲ್ಲ."

"ನಾನು ಬರಬೇಕಿತ್ತು ನೆಲ್ಡಾ. ಅವನು ಇದ್ದಾಗ."

"ಬರಬೇಕಿತ್ತು," ಎಂದಳು. "ನಿನ್ನ ಬೈಯ್ಯೋಕೆ ಎರಡು ವರ್ಷದಿಂದ ಮಾತು ಕೂಡಿಟ್ಟಿದ್ದೆ. ಈಗ ನೋಡು, ಒಂದೂ ಬಾಯಿಗೆ ಬರ್ತಿಲ್ಲ."

"ನಾನು ಕಾಯ್ತೀನಿ. ನೆನಪಾದಾಗ ಬೈ."

ಅವಳಿಗೆ ನಗು ಬಂದೇಬಿಟ್ಟಿತು. ತಡೆಯಲು ಕೈಯೆತ್ತಿದಳು, ಆಮೇಲೆ ತಡೆಯಲಿಲ್ಲ. ನಗುತ್ತಲೇ ಹೋಗಿ ಮನೆಯವರ ಮೇಜಿನ ಬಳಿ ಕುಳಿತಳು.

ರಾಯ್ಸ್ ಕಾಳು ಬಡಿಸಿಕೊಂಡು, ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತ. ತನ್ನ ತಟ್ಟೆಯಲ್ಲಿದ್ದ ಮೆಕ್ಕೆಜೋಳದ ರೊಟ್ಟಿಯನ್ನು ಎರಡು ತುಂಡು ಮಾಡಿ, ಎರಡನ್ನೂ ಅಳೆದು ನೋಡಿ, ದೊಡ್ಡದನ್ನು ಅವಳ ತಟ್ಟೆಗೆ ಇಟ್ಟ.