ಕಿವಿ ಮಟ್ಟದ ಗೆರೆ

ಹಲ್ಲಿ ಗೋಡೆಯ ಮೂರನೇ ಗೆರೆಯ ಮೇಲೆ ನಿಂತಿದೆ, ಬಾಲದ ತುದಿ ಎರಡನೇ ಗೆರೆಗೆ ತಾಗಿದೆ, ಗಂಟಲು ಮಾತ್ರ ಪಟಪಟ ಬಡಿದುಕೊಳ್ಳುತ್ತಿದೆ, ಓಡಿಸಬೇಕೆಂದುಕೊಂಡರೂ ದೇವಿಕಾ ಚಾಪೆಯಿಂದ ಏಳುವುದಿಲ್ಲ — ತೊಡೆಯ ಮೇಲಿನ ನೋಟ್‌ಬುಕ್ಕಿನಲ್ಲಿ ಅವಳದೇ ದುಂಡು ಅಕ್ಷರ, ಕರಿಸಿದ್ದಪ್ಪ, ಐವತ್ತೆರಡು ವರ್ಷ, ಆದಿವಾಲ, ಕುರಿ ವ್ಯಾಪಾರ, ಶುಗರ್ ಇದೆ, ಬಲಭುಜ ಹಿಡಿದುಕೊಂಡು ಹತ್ತು ತಿಂಗಳು, ನಾಲ್ಕನೇ ವಾರ, ಅದರ ಕೆಳಗೆ ಇವತ್ತಿನ ಅಭ್ಯಾಸ ಎಂದು ಬರೆದಿದ್ದಾಳೆ, ಅದರ ಕೆಳಗೆ ಏನೂ ಇಲ್ಲ. ಗಂಡ ಹೆಂಡತಿ ಹತ್ತಕ್ಕೆ ಬರುತ್ತಾರೆ, ಈಗಲೇ ಒಂಬತ್ತೂವರೆ, ಬರಿ, ಬೇರೆಯವರಿಗೆ ಬರೆಯುವ ಹಾಗೇ ಬರಿ, ಮೊದಲು ಹತ್ತು ಉಸಿರು, ಆಮೇಲೆ ಬಿಸಿನೀರಿನ ಶಾಖ, ಆಮೇಲೆ ರಾಟೆಯ ಹಗ್ಗ, ಎಡಗೈ ಎಳೆದರೆ ಬಲಗೈ ಏರುತ್ತದೆ, ಆಮೇಲೆ ಗೋಡೆ — ಗೋಡೆ ಎಂದು ಬರೆಯಲಾರಳು. ಬೆರಳಿನಿಂದ ಗೋಡೆ ಹತ್ತಿಸುವುದು ಅವಳ ಪ್ರೀತಿಯ ಅಭ್ಯಾಸ, ಎರಡೇ ಬೆರಳು, ಜೇಡದ ಹಾಗೆ ಒಂದೊಂದೇ ಹೆಜ್ಜೆ, ಎಲ್ಲಿ ನಿಂತವೋ ಅಲ್ಲೊಂದು ಪೆನ್ಸಿಲ್ ಗೆರೆ, ಪಕ್ಕದಲ್ಲಿ ತಾರೀಕು. ಹಿರಿಯೂರಿನಲ್ಲಿ ಯೋಗ ಕಲಿಸುವ ಬೇರೆಯವರು ಮೂವತ್ತು ಜನರನ್ನು ಸಾಲಾಗಿ ನಿಲ್ಲಿಸಿ ಒಂದೇ ಪಾಠ ಹೇಳುತ್ತಾರೆ, ಅವಳು ಹಾಗಲ್ಲ, ಒಂದೊಂದು ಮೈಗೂ ಒಂದೊಂದು ಪಾಠ, ಮೊದಲ ದಿನ ಬರೀ ಕೇಳುತ್ತಾಳೆ, ಯಾವ ಮಗ್ಗುಲಿಗೆ ಮಲಗುತ್ತೀರಿ, ಊಟ ಹೇಗೆ ಮಾಡುತ್ತೀರಿ, ಅಂಗಿ ಹೇಗೆ ತೊಡುತ್ತೀರಿ, ನಾನೆಲ್ಲಿ ತೊಡ್ತೀನಿ ಮೇಡಂ, ನಮ್ ಮಲ್ಲಿ ತೊಡುಸ್ತಾಳೆ, ಹತ್ತು ತಿಂಗಳಿಂದ ನಾನು ಇವಳ ಕೂಸಾಗೀನಿ ಎಂದು ಕರಿಸಿದ್ದಪ್ಪ ನಕ್ಕಿದ್ದ, ಮಲ್ಲಕ್ಕನೂ ನಕ್ಕಿದ್ದಳು, ಮುಂದಿನ ಹಲ್ಲೊಂದು ಇರಲಿಲ್ಲ, ಅವನ ಮೈಯ ಒಂದೊಂದು ಕೀಲನ್ನೂ ಕೇಳಿ ಬರೆದುಕೊಂಡ ದೇವಿಕಾ ಆ ಹಲ್ಲು ಹೇಗೆ ಹೋಯಿತೆಂದು ಕೇಳಲಿಲ್ಲ. ಬದಲಿಗೆ ಏನು ಹೇಳಿದಳು, ನಗುತ್ತಾ ಹೇಳಿದಳಲ್ಲ, ಮನೇಲಿ ಗೋಡೆ ಬ್ಯಾಡ ಅಣ್ಣ, ಅಕ್ಕನ್ನೇ ಎದುರಿಗೆ ನಿಲ್ಲಿಸ್ಕಳ್ರಿ, ಮೊದಲ ವಾರ ಭುಜ ಮುಟ್ರಿ, ಎರಡನೇ ವಾರ ಕೆನ್ನೆ, ಮೂರನೇ ವಾರ ಕಿವಿ, ನಾಲ್ಕನೇ ವಾರಕ್ಕೆ ನೆತ್ತಿ ಮುಟ್ತೀರಿ, ಅಕ್ಕ ನೀವೇ ಮೊಣಕೈ ಹಿಡಿದು ಎತ್ತಿಸ್ರಿ, ದಿನಕ್ಕೆ ಇಪ್ಪತ್ತು ಸರ್ತಿ. ಗಂಡ ಹೆಂಡತಿಗೆಂದೇ ಹೊಳೆದ ಪಾಠ, ಯಾವ ಪುಸ್ತಕದಲ್ಲೂ ಇಲ್ಲ, ಆ ಸಂಜೆ ಅಮ್ಮನಿಗೂ ಹೇಳಿಕೊಂಡು ಬೀಗಿದ್ದಳು.

ಕಿಟಕಿಯಾಚೆ ಗುಡ್ಡದ ಮೇಲೆ ಗಾಳಿಯಂತ್ರ ತಿರುಗುತ್ತಿದೆ, ಬಿಳಿ ರೆಕ್ಕೆ ನಿಧಾನವಾಗಿ ಏರುತ್ತದೆ, ಬೀಸಿಕೊಂಡು ಇಳಿಯುತ್ತದೆ, ಇಳಿಯುವಾಗ ಎದುರಿಗೆ ಒಂದು ಮುಖವಿದ್ದರೆ, ಬೇಡ, ನೋಡಬೇಡ — ಹೋದ ವಾರ ಕರಿಸಿದ್ದಪ್ಪ ಶವಾಸನದಲ್ಲಿ ಕಣ್ಣು ಮುಚ್ಚಿ ಮಲಗಿದ್ದಾಗ ಮಲ್ಲಕ್ಕ ಸದ್ದಿಲ್ಲದೆ ಎದ್ದಳು, ಈ ಗೋಡೆಗೆ ಬೆನ್ನು ಕೊಟ್ಟು ನಿಂತಳು, ಸೆರಗು ಸರಿಸಿದಳು, ಮೂರನೇ ಗೆರೆ ಅವಳ ಕಿವಿಗೆ ಸರಿಯಾಗಿತ್ತು, ಕಿವಿ ಕಿವಿಯಂತಿರಲಿಲ್ಲ, ಬದನೆಕಾಯಿಯ ಬಣ್ಣಕ್ಕೆ ಊದಿ ಓಲೆಯ ತೂತು ಮುಚ್ಚಿಹೋಗಿತ್ತು, ಒಳಗಿನಿಂದ ಒಣಗಿದ ರಕ್ತದ ಸಣ್ಣ ಎಳೆ. ನೀವು ಹೇಳಿದಂಗೇ ಆತು ನೋಡ್ರಿ ಮೇಡಂ, ಪಿಸುಮಾತು, ಮೊದ್ಲು ಭುಜ, ಆಮ್ಯಾಲೆ ಕೆನ್ನೆ, ಮೊನ್ನೆ ಕಿವಿ, ಒಂದು ವಾರಾನೂ ತಪ್ಪಿಲ್ಲ. ಹತ್ತು ತಿಂಗಳು ನಮ್ಮನೇಲಿ ಸದ್ದೇ ಇರಲಿಲ್ಲ, ಅನ್ನ ನುಂಗಿದ್ರೆ ಗಂಟಲಲ್ಲಿ ಇಳಿಯೋದು, ಇಷ್ಟಕ್ಕೇ ಬಿಡ್ರಿ, ನೆತ್ತಿತಂಕ ಬ್ಯಾಡ. ಸ್ಟೇಷನ್‌ಗೆ ಹೋಗಾಣ ಅಕ್ಕ, ನಾನೂ ಬರ್ತೀನಿ ಎಂದಿದ್ದಳು ದೇವಿಕಾ, ಎರಡ್ ಸರ್ತಿ ಹೋಗಿ ಬಂದೀನಿ, ಬುದ್ಧಿ ಹೇಳಿ ಜೊತೇಲೇ ಕಳುಸ್ತಾರೆ, ಇವ್ರ ಕೈ ಹಿಂಗೇ ಇದ್ರೆ ಸಾಕು ಮೇಡಂ ಎಂದಳು ಮಲ್ಲಕ್ಕ. ಅಷ್ಟರಲ್ಲಿ ಚಾಪೆಯಿಂದ ಅವನ ದನಿ, ಕಣ್ಣು ಮುಚ್ಚಿಕೊಂಡೇ, ಏನ್ ಗುಸುಗುಸು ಇಬ್ರದ್ದೂ, ನನ್ ಹೆಣ ಮಲಗಿಸಿ ಮಾತಾಡ್ತೀರೇನು, ನಗು. ಹೆಣ. ಅಂದಿನಿಂದ ಏಳು ದಿನ ದೇವಿಕಾಳ ತಲೆಯೊಳಗೆ ಆ ಕೈಯನ್ನು ಎಷ್ಟು ಸಲ ಮುರಿದಾಗಿದೆ, ಹಾಲು ಕಾಯಿಸುವಾಗ, ಬಸ್ಸಿನಲ್ಲಿ, ಬೇರೊಬ್ಬರ ಬೆನ್ನು ನೀವುವಾಗ, ಮೊಣಕೈ ಒಂದು ಕೈಯಲ್ಲಿ, ಬೆನ್ನ ಹಲಗೆಮೂಳೆ ಇನ್ನೊಂದು ಕೈಯಲ್ಲಿ, ತನ್ನ ಇಡೀ ಮೈಭಾರ, ಸದ್ದು. ಆ ಸದ್ದು ಅವಳಿಗೆ ಗೊತ್ತು, ಚಿತ್ರದುರ್ಗದಲ್ಲಿ ಕಲಿಯುವಾಗ ಗುರು ರೇವಣಸಿದ್ದಪ್ಪ ಅವಸರದಲ್ಲಿ ಜೊತೆಯಲ್ಲಿ ಕಲಿಯುತ್ತಿದ್ದ ರಮ್ಯಾಳ ಬೆನ್ನ ಮೇಲೆ ಮಂಡಿಯೂರಿ ಒತ್ತಿದ್ದರು, ಒಣ ತೊಗರಿಕಡ್ಡಿ ಲಟಕ್ಕೆಂದಂತೆ, ಅವಳ ಪಕ್ಕೆಲುಬು, ಅವರೇ ನೆಲಕ್ಕೆ ಕುಸಿದು ಅತ್ತಿದ್ದರು, ಮರುದಿನ ಎಲ್ಲರನ್ನೂ ಕೂರಿಸಿಕೊಂಡು ಹೇಳಿದ್ದರು, ಹಿಡಕಂಡ ಭುಜಕ್ಕಂತೂ ಬಲವಂತ ಮಾಡಲೇಬ್ಯಾಡ್ರಮ್ಮ, ಎಲುಬು ಮುರೀಬೋದು, ಇಲ್ಲಾ ಒಳಗೆ ಅಂಟಿದ್ದು ಹರಿದು ಕೈ ಸಡಿಲಾಗಿ ಮೇಲೆದ್ದುಬಿಡಬೋದು, ಯಾವುದಾಗ್ತೈತೋ ನಮಗೆ ಗೊತ್ತಾಗಲ್ಲ, ಅದನ್ನ ಡಾಕ್ಟ್ರು ಪ್ರಜ್ಞೆ ತಪ್ಪಿಸಿ ಮಾಡ್ತಾರೆ. ಎಲುಬು ಮುರೀಬೋದು. ಏಳು ದಿನದಿಂದ ಅವಳ ಕಿವಿಯಲ್ಲಿ ಅದೊಂದೇ ಮಾತು ಉಳಿದಿದೆ. ಬರಬೇಡಿ ಎಂದರೆ ಅವನು ಇನ್ನೊಬ್ಬರ ಬಳಿ ಹೋಗುತ್ತಾನೆ, ಸೂಜಿ ಹಾಕಿಸಿಕೊಳ್ಳುತ್ತಾನೆ, ಕೈ ಎಲ್ಲಾದರೂ ಏರಿಯೇ ಏರುತ್ತದೆ, ಇಲ್ಲಾದರೆ ತನ್ನ ಅಂಗೈಯ ಕೆಳಗಿದೆ.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು, ಹಲ್ಲಿ ಸರಕ್ಕನೆ ಟ್ಯೂಬ್‌ಲೈಟಿನ ಹಿಂದೆ, ಏನ್ ಮೇಡಂ, ಬೆಳಿಗ್ಗೇನೇ ಗೋಡೆ ನೋಡ್ಕಂಡು ಕುಂತೀರಿ, ಏನಾರ ಮಾತಾಡ್ತೈತಾ ಅದು, ಕರಿಸಿದ್ದಪ್ಪ ಕಡಲೆಕಾಯಿಯ ಚೀಲವನ್ನು ಎಡಗೈಯಿಂದ ಇಳಿಸುತ್ತಾನೆ, ಮೈಯಿಂದ ಕುರಿಯ ಉಣ್ಣೆಯ ವಾಸನೆ, ಹಿಂದೆ ಮಲ್ಲಕ್ಕ, ಸೆರಗು ಹಣೆಯವರೆಗೆ, ಕೆಳತುಟಿ ಸೀಳಿದೆ, ಇದು ಹೊಸದು, ಇದು ಪಾಠದಲ್ಲಿರಲಿಲ್ಲ. ಕುಂತ್ಕಳ್ರಿ ಅಕ್ಕ, ತನ್ನ ದನಿ ಎಷ್ಟು ಸಮಾಧಾನವಾಗಿದೆ, ಉಸಿರು ತಗೊಳ್ರಿ ಅಣ್ಣ, ಬಿಡ್ರಿ, ಬಟ್ಟೆ ಬಿಸಿನೀರಿನಲ್ಲಿ ಅದ್ದಿ ಹಿಂಡುತ್ತಾಳೆ, ಹಿಂಡುತ್ತಲೇ ಇರುತ್ತಾಳೆ, ರಾಟೆ ಕಿರ್ ಎನ್ನುತ್ತದೆ, ಈಗ ಗೋಡೆ. ಎರಡು ಬೆರಳು ಹತ್ತುತ್ತಿವೆ, ಮೊದಲ ಗೆರೆ, ಎರಡನೆಯದು, ಉಗುರ ಸಂದಿಯಲ್ಲಿ ಕಪ್ಪು, ಮೂರನೆಯದು, ಅಲ್ಲಿ ನಿಂತವು, ಅವನ ಕುತ್ತಿಗೆಯ ನರ ಉಬ್ಬಿದೆ, ದೇವಿಕಾಳ ಎಡಗೈ ಅವನ ಬೆನ್ನ ಹಲಗೆಯ ಮೇಲೆ, ಪೆನ್ಸಿಲ್ ಕಿವಿಗೆ ಸಿಕ್ಕಿಸಿ ಬಲಗೈ ಅವನ ಮೊಣಕೈ ಕೆಳಗೆ, ಒತ್ರಿ ಮೇಡಂ, ಇನ್ನೊಂಚೂರು ಒತ್ರಿ, ಹೆಂಗಸ್ರ ಕೈಲಿ ಏನ್ ಜೋರು ಇರ್ತೈತೆ ಎನ್ನುತ್ತಾನೆ ಅವನೇ. ಮಲ್ಲಕ್ಕ ಎದ್ದಳು. ಬೀದಿಯ ಕಡೆಯ ಕಿಟಕಿ ಮುಚ್ಚಿದಳು, ಗಾಳಿಯಂತ್ರದ ರೆಕ್ಕೆ ಅರ್ಧ ಏರಿದ್ದು ಹಾಗೇ ಮರೆಯಾಯಿತು, ಚಿಲಕ ಹಾಕಿ ತಿರುಗಿ ದೇವಿಕಾಳನ್ನೇ ನೋಡಿದಳು, ಉಸಿರು ಬಿಡ್ರಿ ಅಣ್ಣ ಎಂದಳು ದೇವಿಕಾ, ಅವನು ಬಿಟ್ಟ, ಅವಳು ಮಂಡಿ ಬಗ್ಗಿಸಿ, ಮೊಣಕೈ ಕೆಳಗೆ ಹೆಗಲು ಕೊಟ್ಟು, ಇಪ್ಪತ್ತೊಂಬತ್ತು ವರ್ಷದ ತನ್ನ ಇಡೀ ಮೈಯಿಂದ ಆ ಕೈಯನ್ನು ಮೇಲಕ್ಕೆ ನೂಕಿದಳು, ಮುರಿ, ಮುರಿ, ಮುರಿದು ಹೋಗು, ಲಟ್, ಒಳಗೆ ಹಸಿಬಟ್ಟೆ ಹರಿದ ಸದ್ದು, ಲಟ್, ಅವನ ಬಾಯಿಂದ ಕುತ್ತಿಗೆ ಕೊಯ್ದ ಟಗರಿನ ಕೂಗು, ಅವನು ಮಂಡಿಯೂರಿ ಬಿದ್ದ, ಆಯಿತು, ಆಗಿಹೋಯಿತು, ಅವಳ ಬಾಯಲ್ಲಿ ರಕ್ತದ ರುಚಿ, ತನ್ನದೇ ನಾಲಿಗೆ ಕಚ್ಚಿಕೊಂಡಿದ್ದಾಳೆ, ಸತ್ನಲ್ಲೇ ಮಲ್ಲಿ, ಸತ್ನಲ್ಲೇ ಎಂದು ಗೋಳಿಡುತ್ತಾ ಅವನು ಗೋಡೆ ಹಿಡಿದು ಏಳುತ್ತಾನೆ, ಹಿಡಿದದ್ದು ಬಲಗೈಯಲ್ಲಿ, ಗೋಳು ನಿಲ್ಲುತ್ತದೆ, ಕೈಯನ್ನು ನೋಡಿಕೊಳ್ಳುತ್ತಾನೆ, ಎತ್ತುತ್ತಾನೆ, ಮೂರನೇ ಗೆರೆ ದಾಟಿತು, ಇನ್ನೂ ಮೇಲೆ, ನೆಟ್ಟಗೆ ಮೇಲೆ, ಬೆವರಿನ ಬೆರಳು ಚಾವಣಿಯ ಕಡೆಗೆ ನಡುಗುತ್ತಿವೆ. ಬಿಡ್ತು ಮೇಡಂ, ಬಿಡ್ತು, ದೇವ್ರು ನೀವು, ಅವನ ಕಣ್ಣಲ್ಲಿ ನೀರು ಸುರಿಯುತ್ತಿದೆ, ಬಾರೇ ಮಲ್ಲಿ ಇಲ್ಲಿ, ಎದುರಿಗೆ ನಿಂತ್ಕಾ, ನೆತ್ತಿ ಮುಟ್ಟಾಣ, ಗೆರೆ ಹಾಕ್ರಿ ಮೇಡಂ, ಎಲ್ಲಿತಂಕ ಬಂತು ಗೆರೆ ಹಾಕ್ರಿ — ಮಲ್ಲಕ್ಕ ಬರುತ್ತಾಳೆ, ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ, ಕಣ್ಣು ಮುಚ್ಚುತ್ತಾಳೆ, ದೇವಿಕಾಳ ಕೈಗೆ ಪೆನ್ಸಿಲ್ ಬಂದಿದೆ, ಎಲ್ಲಿಗೆ, ಎಷ್ಟು ಮೇಲಕ್ಕೆ, ಅವಳಿಗೆ ಕಾಣುವುದು ಮೂರನೇ ಗೆರೆ ಒಂದೇ, ಅದರ ಪಕ್ಕದಲ್ಲಿ ತನ್ನದೇ ದುಂಡು ಅಕ್ಷರದ ತಾರೀಕು, ಅದಕ್ಕೆ ತಾಗಿಕೊಂಡು ಆ ಕಿವಿ, ಗೆರೆ, ಕಿವಿ, ಗೆರೆ